ದೀಪದ ಬಂಡೆಗೆ ಚರಗ

ಗೌರಿ, ಶಿವೂ, ಮೊಮ್ಮಕ್ಕಳೇ, ಇದು ನಿಮಗಾಗಿ. ನೀವು ಕನ್ನಡವನ್ನು ಅಕ್ಷರ ಕೂಡಿಸಿ ಕೂಡಿಸಿ ಓದುತ್ತೀರಿ, ನಡುವೆ ಹಿಂದಿಗೆ ಜಾರುತ್ತೀರಿ. ಇರಲಿ, ಅವಸರ ಮಾಡಬೇಡಿ. ನಾನೂ ಊರ ಶಾಲೆಯಲ್ಲಿ ನಾಲ್ಕನೇ ಇಯತ್ತೆವರೆಗೆ ಕಲಿತವಳು, ಅಷ್ಟೇ ನಿಧಾನವಾಗಿ ಬರೆಯುತ್ತೇನೆ. ನಾಲ್ಕು ಜನರ ಎದುರು ನನಗೆ ಬಾಯಿ ಬರುವುದಿಲ್ಲ. ಕಾಗದದ ಎದುರು ಅಷ್ಟು ನಾಚಿಕೆಯಾಗುವುದಿಲ್ಲ. ನಿಮ್ಮಿಬ್ಬರ ಹೆಸರು ಬಿಟ್ಟರೆ ಇದರಲ್ಲಿ ಬೇರೆ ಯಾರ ಹೆಸರೂ ಬರುವುದಿಲ್ಲ. ಯಾಕೆ ಎಂದು ಓದುತ್ತಾ ತಿಳಿಯುತ್ತದೆ.

ಹೋದ ತಿಂಗಳು ನೀವು ಬೋಟಿನಲ್ಲಿ ತಿರುಗಾಡಿ ಬಂದು, "ಆಯೀ, ಸಮುದ್ರದೊಳಗೆ ಒಂದು ಹಳೇ ಲೈಟ್‌ಹೌಸ್ ಕಂಡಿತು, ಪಟ್ಟೆ ಪಟ್ಟೆ ಇದೆ" ಅಂದಿರಿ. ನಾನು ಒಳಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿದೆ. ಆ ಪಟ್ಟೆಗಳಿಗೆ ಒಂದು ಕಾಲದಲ್ಲಿ ಬಣ್ಣ ಹಚ್ಚಿದವರು ನಿಮ್ಮ ಮುತ್ಯಾ, ಅಂದರೆ ನಮ್ಮ ಯಜಮಾನರು. ಆ ದೀಪದ ಬುಡದಲ್ಲಿ ನಾನು ಒಂದು ಸಂಜೆ ನಿಂತಿದ್ದೆ. ಆಮೇಲೆ ಮುಂಬಯಿಯಲ್ಲಿ ಇಷ್ಟು ವರ್ಷ ಇದ್ದರೂ ಸಮುದ್ರದ ಕಡೆಗೆ ಮುಖ ಮಾಡಿ ಕುಳಿತವಳಲ್ಲ.

ಆಗ ನಾವು ಆಂಟಾಪ್ ಹಿಲ್‌ನಲ್ಲಿ ತಗಡಿನ ಮಾಡಿನ ಖೋಲಿಯಲ್ಲಿದ್ದೆವು. ಸಾಲಿಗೆ ಸಾಲೇ ನಮ್ಮ ವಿಜಾಪುರ, ಬಾಗಲಕೋಟೆ ಕಡೆಯವರು. ನಮ್ಮ ಯಜಮಾನರು ಬಣ್ಣ ಹಚ್ಚುವ ಕೆಲಸದವರು. ದೊಡ್ಡ ದೊಡ್ಡ ಬಿಲ್ಡಿಂಗಿಗೆ ಹಗ್ಗದ ಜೂಲಾ ಕಟ್ಟಿಕೊಂಡು, ಅದರ ಹಲಗೆಯ ಮೇಲೆ ಕುಳಿತು ಜೋತಾಡುತ್ತ ಕೆಲಸ ಮಾಡುತ್ತಿದ್ದರು. ದೀಪಾವಳಿಯ ನಂತರ ಅವರ ಗುತ್ತಿಗೆದಾರನಿಗೆ ಆ ಲೈಟ್‌ಹೌಸಿನ ಕೆಲಸ ಸಿಕ್ಕಿತು. ಕೊಲಾಬಾದ ತುದಿಯಿಂದಾಚೆ ಕರಿಬಂಡೆಗಳ ಸಾಲು ಸಮುದ್ರದೊಳಗೆ ಹೋಗುತ್ತದೆ. ಅದರ ಕೊನೆಗೆ ಈ ಕಂಬ. ನೀರು ಏರಿದಾಗ ಅದು ನಡುಗಡ್ಡೆ. ನೀರು ಇಳಿದಾಗ ಬಂಡೆಯ ಮೇಲೆ ಹೆಜ್ಜೆ ಇಡುತ್ತ ನಡೆದೇ ಹೋಗಬಹುದು. ಕೂಲಿಯವರನ್ನು ಕರೆದುಕೊಂಡು ಹೋಗುವವನು, ಕರೆದುಕೊಂಡು ಬರುವವನು ಮುಕಾದಮ. ಅವನು "ಚಲೋ" ಅಂದಾಗ ಹೊರಡುವುದು, "ಬಸ್" ಅಂದಾಗ ತಿರುಗುವುದು. ಹೀಗಾಗಿ ಇವರಿಗೆ ದಾರಿ ಗೊತ್ತಿತ್ತು, ಹೊತ್ತು ಗೊತ್ತಿರಲಿಲ್ಲ. ಆದರೆ ಆಗ ಅದನ್ನು ಯಾರು ಯೋಚಿಸಿದರು?

ಆ ಚಳಿಗಾಲದಲ್ಲಿ ಅತ್ತೆಯವರು ಊರಿಂದ ಬಂದರು. ನಿಮ್ಮ ಅಪ್ಪನಿಗೆ ಆಗ ಎರಡು ತುಂಬಿರಲಿಲ್ಲ. ಅಪ್ಪ, ಅವ್ವ, ನೀರು ಎಂಬ ಮೂರು ಮಾತು ಬರುತ್ತಿದ್ದವು. ಅತ್ತೆ ಮೊಮ್ಮಗನನ್ನು ಎತ್ತಿಕೊಂಡು ಖೋಲಿಯ ನಾಲ್ಕು ಮೂಲೆ ನೋಡಿದರು, ಹೊರಗೆ ಗಟಾರ ನೋಡಿದರು.

"ನೆಲಾನ ಇಲ್ಲದ ಊರಾಗ ಅನ್ನ ಎಲ್ಲಿಂದ ಬರತೈತಿ?" ಅಂದರು.

ಎಳ್ಳಮಾಸಿ ಹತ್ತಿರ ಬಂದಿತ್ತು. ನಮ್ಮ ಕಡೆ ಆ ಅಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತಾರೆ. ಐದು ಕಲ್ಲು ಇಟ್ಟು ಪಾಂಡವರೆಂದು ಪೂಜೆ ಮಾಡಿ, ಮಾಡಿದ ಅಡುಗೆಯನ್ನೆಲ್ಲ ಕಲಸಿ ಹೊಲದ ನಾಲ್ಕೂ ಮೂಲೆಗೆ ಚೆಲ್ಲುತ್ತಾರೆ. ಅದೇ ಚರಗ. ಚೆಲ್ಲುವವನು "ಹುಲ್ಲುಲ್ಲಿಗೋ" ಎಂದು ಕೂಗಬೇಕು, ಉಳಿದವರು "ಚಳ್ಳಂಬರಿಗೋ" ಎಂದು ಮರುಕೂಗು ಕೊಡಬೇಕು. ಒಂದು ಮೂಲೆ ತಪ್ಪಿದರೂ ಭೂಮಿತಾಯಿ ಹಸಿದು ಉಳಿಯುತ್ತಾಳೆ ಎಂದು ಅತ್ತೆಯ ನಂಬಿಕೆ.

"ಇಲ್ಲಿ ಎಲ್ಲಿ ಚೆಲ್ಲೂದು ಚರಗ? ಗಟಾರದಾಗ?"

ಇವರು ನಕ್ಕರು. "ನನ್ನ ಹೊಲ ಸಮುದ್ರದಾಗ ಐತಿ. ಬಾ ತೋರಸ್ತೀನಿ. ಕಳೆ ತೆಗೆಯೂದಿಲ್ಲ, ಹಕ್ಕಿ ಕಾಯೂದಿಲ್ಲ."

ಚೇಷ್ಟೆಗೆ ಅಂದದ್ದು. ಅತ್ತೆ ನಿಜವೆಂದೇ ಹಿಡಿದರು. ಮಗ ದುಡಿಯುವ ನೆಲವೇ ಮಗನ ಹೊಲ. ಅದಕ್ಕೇ ಚರಗ.

ಇಲ್ಲಿ ಹೆಸರಿನ ಮಾತು ಹೇಳಬೇಕು. ಗಂಡನ ಹೆಸರು ಹೆಂಡತಿ ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮಲ್ಲಿ ಭಯ. ಇವರಿಗೆ ಇಟ್ಟದ್ದು ಇವರ ಅಜ್ಜನ ಹೆಸರು, ಅಂದರೆ ಅತ್ತೆಯ ಮಾವನವರ ಹೆಸರು. ಮಾವನ ಹೆಸರನ್ನೂ ಸೊಸೆ ಹೇಳಬಾರದು, ಹೀಗಾಗಿ ಹೆತ್ತ ತಾಯಿಯೂ ಆ ಹೆಸರನ್ನು ಬಾಯಲ್ಲಿ ತರುವಂತಿಲ್ಲ. ಮಗ ಹುಟ್ಟಿದಾಗಿನಿಂದ ಅತ್ತೆ ಅವನನ್ನು "ಯಪ್ಪಾ" ಎಂದೇ ಕರೆದವರು. ನನ್ನದು "ಇಲ್ಲಿ ಕೇಳ್ರಿ". ಊರಲ್ಲಿ ಒಬ್ಬಳು ಜಗಳದ ಸಿಟ್ಟಿನಲ್ಲಿ ಗಂಡನ ಹೆಸರು ಹಿಡಿದು ಬೈದಳಂತೆ, ಸುಗ್ಗಿ ಮುಗಿಯುವುದರೊಳಗೆ ಅವನಿಗೆ ಹಾವು ಕಡಿಯಿತಂತೆ. ಈ ಕಥೆಯನ್ನು ಅತ್ತೆ ನನಗೆ ಮದುವೆಯಾದ ಮೊದಲ ವಾರವೇ ಹೇಳಿದ್ದರು.

ಎಳ್ಳಮಾಸಿಯ ದಿನ ಕೆಲಸಕ್ಕೆ ರಜೆ ಹಾಕಿ ಇವರು ನಮ್ಮನ್ನು ಕರೆದುಕೊಂಡು ಹೊರಟರು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಎಲ್ಲ ಬುಟ್ಟಿಯಲ್ಲಿ. ಲೋಕಲ್ ರೈಲಿನಲ್ಲಿ ವಿ.ಟಿ. ಸ್ಟೇಷನ್, ಅಲ್ಲಿಂದ ಬಸ್ಸು. ದಂಡಿನವರ ಗೇಟಿನಲ್ಲಿ ಕಾವಲಿನವನು ಇವರ ಮುಖ ಗುರುತು ಹಿಡಿದು ಒಳಗೆ ಬಿಟ್ಟ. ಅತ್ತೆ ಅವನಿಗೂ ಒಂದು ಹೋಳಿಗೆ ಕೊಟ್ಟರು.

ಸಮುದ್ರ ಅಷ್ಟು ದೂರ ಹೋದದ್ದನ್ನು ನಾನು ನೋಡಿರಲಿಲ್ಲ. ಅಮಾವಾಸ್ಯೆಗೆ ನೀರು ಬಹಳ ಇಳಿಯುತ್ತದೆ ಎಂದು ಇವರು ಹೇಳಿದ್ದರು, ಆದರೆ ಇಷ್ಟೆಂದು ಅಂದುಕೊಂಡಿರಲಿಲ್ಲ. ಕಣ್ಣು ಹಾಯುವವರೆಗೆ ಕರಿಬಂಡೆ, ಹಸಿರು ಪಾಚಿ, ಅಲ್ಲಲ್ಲಿ ತಗ್ಗಿನಲ್ಲಿ ನಿಂತ ನೀರು. ಕೊಳೆತ ಮೀನಿನ ವಾಸನೆ. ಯಾರದೋ ಮನೆಯ ಹೊದಿಕೆಯನ್ನು ಅವರಿಗೆ ತಿಳಿಯದೆ ಎಳೆದು ನೋಡಿದ ಹಾಗೆ ನನಗೆ ಅನಿಸಿತು. ಇದು ಕಾಣಬಾರದ ನೆಲ.

ದಂಡೆಯಲ್ಲಿ ಕೋಳಿಯವರ, ಅಂದರೆ ಮೀನು ಹಿಡಿಯುವವರ ಹೆಂಗಸೊಬ್ಬಳು ಬುಟ್ಟಿ ಹೊತ್ತು ವಾಪಸ್ಸು ಬರುತ್ತಿದ್ದಳು. ಅವಳು ನನ್ನ ಕಂಕುಳಲ್ಲಿದ್ದ ಕೂಸನ್ನು ನೋಡಿದಳು, ಸೂರ್ಯನನ್ನು ನೋಡಿದಳು. "ಆತ್ತಾ ಜಾತೇಸ್?" ಅಂದಳು. ಈಗ ಹೋಗುತ್ತೀಯಾ ಎಂದು. ಇವರು "ಲವ್ಕರ್ ಯೇತೋ, ಮಾವಶೀ" ಅಂದರು, ಬೇಗ ಬರುತ್ತೇವೆ ಎಂದು. ನಕ್ಕು ಮುಂದೆ ನಡೆದರು. ಬಂಡೆಯ ಮೇಲಿದ್ದವರೆಲ್ಲ ದಂಡೆಯ ಕಡೆಗೆ ಬರುತ್ತಿದ್ದರು. ಆ ಕಡೆಗೆ ಹೊರಟವರು ನಾವು ಮಾತ್ರ.

ಅತ್ತೆ ಪೂಜೆಯ ಮಡಿಯೆಂದು ಚಪ್ಪಲಿ ಬಿಟ್ಟಿದ್ದರು. ಬಂಡೆಗೆ ಅಂಟಿದ ಚಿಪ್ಪು ಅಂಗಾಲು ಕೊಯ್ಯುತ್ತಿತ್ತು. ಅವರು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದರು. ನಡುವೆ ಒಂದು ಉದ್ದನೆಯ ತಗ್ಗು ಬಂತು, ಅದರಲ್ಲಿ ಹಿಮ್ಮಡಿ ಮುಳುಗುವಷ್ಟು ನೀರು. ದಾಟಿದೆವು. ಕಂಬದ ಬುಡ ಮುಟ್ಟುವಾಗ ಸೂರ್ಯ ಕೆಂಪಗಾಗಿದ್ದ.

ಹತ್ತಿರದಿಂದ ನೋಡಿದರೆ ಅದು ಕಂಬವಲ್ಲ, ಬುರುಜು. ಇಂಗ್ರೇಜಿಯವರ ಕಾಲದ ಕಲ್ಲು, ಒಂದೊಂದು ನಮ್ಮ ಊರ ಕಣಜದಷ್ಟು ದಪ್ಪ. ಎಷ್ಟೋ ಮಳೆಗಾಲ ತಿಂದು ಅಂಚು ನುಣುಪಾಗಿದ್ದವು. ತಲೆ ಎತ್ತಿ ನೋಡಿದರೆ ಕಂಬವೇ ನಮ್ಮ ಮೇಲೆ ಬಾಗಿದ ಹಾಗೆ. "ಆ ಕರೇ ಪಟ್ಟಿ ಕಾಣತೈತಲ್ಲ, ಅದು ನಂದು" ಅಂದರು ಇವರು. ಅಷ್ಟು ಎತ್ತರದಲ್ಲಿ ಇವರು ಹಗ್ಗಕ್ಕೆ ಜೋತು ಬಿದ್ದಿದ್ದರೆಂದು ನೆನೆದು ನಾನು ಕಣ್ಣು ಕೆಳಗಿಳಿಸಿ ಬುಟ್ಟಿ ಬಿಚ್ಚತೊಡಗಿದೆ.

ದೀಪ ಕಾಯುವ ಮುದುಕರು ಬಾಗಿಲಿಗೆ ಬಂದರು. ಕೊಂಕಣದ ಮರಾಠಿಯವರು, ಇವರ ಗುರುತಿನವರು. ಹೆಂಗಸರನ್ನು ನೋಡಿ ಅವರಿಗೆ ಸಿಟ್ಟು ಬಂತು. "ಬಾಯಕಾ-ಪೋರಂ ಘೇವೂನ್? ಪಾಣಿ ಫಿರೇಗಾ ಅಬ್. ಜಲ್ದಿ ಕರೋ, ಜಲ್ದಿ ಜಾವ್!" ಅಂದರು, ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಬಂದಿದ್ದೀಯಾ, ಬೇಗ ಮುಗಿಸಿ ಬೇಗ ಹೋಗಿ ಎಂದು. ಹೇಳಿ ದೀಪ ಹಚ್ಚಲು ಮೇಲೆ ಹತ್ತಿದರು. ಅವರ ಹೆಜ್ಜೆಯ ಸಪ್ಪಳ ಕಂಬದೊಳಗೆ ಸುತ್ತಿ ಸುತ್ತಿ ಮೇಲೆ ಹೋಯಿತು.

"ನೀರು ತಿರುಗತೈತಿ ಅಂತಾರ" ಎಂದು ನಾನು ಮೆಲ್ಲಗೆ ಅತ್ತೆಗೆ ಹೇಳಿದೆ.

"ತಿರುಗಲಿ. ನಾ ಏನ್ ಹಳ್ಳ ನೋಡದಾಕೀನ?" ಅಂದರು ಅತ್ತೆ. ನಮ್ಮ ಊರಲ್ಲಿ ಮಳೆಗಾಲಕ್ಕೆ ಹಳ್ಳ ದಾಟಿ ಹೊಲಕ್ಕೆ ಹೋದವರು ನೀರಿನ ಅಂಚಿಗೆ ಒಂದು ಕಲ್ಲು ಇಡುತ್ತಾರೆ. ಆ ಕಲ್ಲು ಒಣಗಿರುವ ತನಕ ಹಳ್ಳ ಏರಿಲ್ಲ, ಚಿಂತೆಯಿಲ್ಲ. ಕಲ್ಲು ನೆನೆದರೆ ಬುಟ್ಟಿ ಬಿಟ್ಟು ಓಡಬೇಕು. ಅತ್ತೆ ಒಂದು ಚಪ್ಪಟೆ ಕಲ್ಲು ಆರಿಸಿ, ಕುಂಕುಮ ಹಚ್ಚಿ, ಬಂಡೆಯ ಬದಿಗೆ ನೀರು ಕಂಡಲ್ಲಿ ಅಂಚಿಗೆ ಇಟ್ಟರು. "ಇದರ ಮ್ಯಾಲೆ ಕಣ್ಣಿಡು" ಎಂದು ನನಗೆ ಒಪ್ಪಿಸಿದರು.

ನಾನು ಕಣ್ಣಿಟ್ಟೆ. ಒಂದು ಕಡೆ ಐದು ಕಲ್ಲಿಗೆ ಪೂಜೆ, ಎಡೆ, ಕೂಸಿಗೆ ತುತ್ತು. ಇನ್ನೊಂದು ಕಡೆ ಆ ಕಲ್ಲು. ಅದು ಒಣಗಿಯೇ ಇತ್ತು. ಕುಂಕುಮ ಹಾಗೇ ಇತ್ತು.

ಇವರು ಚರಗದ ಬುಟ್ಟಿ ಹಿಡಿದರು. ಮೂರು ಮೂಲೆ ಕಂಬದ ಸುತ್ತಲೇ ಮುಗಿಯಿತು. ನಾಲ್ಕನೆಯ ಮೂಲೆ ಯಾವುದು? ಪಡುವಣಕ್ಕೆ ಇನ್ನೂ ಬಂಡೆಯ ಸಾಲು ಒಂದು ನಾಲಿಗೆಯ ಹಾಗೆ ಹೊರಗೆ ಚಾಚಿತ್ತು.

"ಅಲ್ಲಿ ತನಕ ಹೋಗು ಅಂತೀಯಾ?" ಅಂದರು ಇವರು ತಾಯಿಗೆ.

"ನಾಕು ಮೂಲಿ ಅಂದ್ರ ನಾಕು ಮೂಲಿ. ಮೂರಕ್ಕ ಉಂಡಾಕಿ ಏನ್ ಆಶೀರ್ವಾದ ಮಾಡ್ತಾಳ?"

ಅವರು ಲುಂಗಿ ಎತ್ತಿ ಕಟ್ಟಿ ಹೊರಟರು. ಸೂರ್ಯ ಮುಳುಗಿದ. ನಮ್ಮ ತಲೆಯ ಮೇಲೆ ದೀಪ ಹತ್ತಿತು, ಬೆಳಕು ನಮ್ಮನ್ನು ಮುಟ್ಟದೆ ದೂರದ ನೀರಿನ ಮೇಲೆ ಹಾದು ಹೋಗತೊಡಗಿತು. ಬುಡದಲ್ಲಿ ನಾವು ಇನ್ನಷ್ಟು ಕತ್ತಲಾದೆವು. ದೂರದಿಂದ "ಹುಲ್ಲುಲ್ಲಿಗೋ" ಕೇಳಿಸಿತು. ಅತ್ತೆ "ಚಳ್ಳಂಬರಿಗೋ" ಅಂದರು. ನನಗೂ ಅನ್ನು ಎಂದರು. ನಾನು ನಾಚುತ್ತ ಅಂದೆ.

ಆಗ ಕೂಸು "ನೀರು" ಅಂದಿತು.

ಬಾಯಾರಿತೆಂದು ತಂಬಿಗೆ ಕೊಟ್ಟೆ. ಅದನ್ನು ದೂಡಿ ಬೆನ್ನ ಹಿಂದಕ್ಕೆ ಕೈ ಮಾಡಿತು. ತಿರುಗಿ ನೋಡಿದೆ. ನಾವು ನಡೆದು ಬಂದ ಬಂಡೆಗಳು ಇರಲಿಲ್ಲ. ಹಿಮ್ಮಡಿಯಷ್ಟು ನೀರಿದ್ದ ಆ ತಗ್ಗು ಒಂದು ಅಗಲವಾದ ಹೊಳೆಯಾಗಿ ಸದ್ದಿಲ್ಲದೆ ಹರಿಯುತ್ತಿತ್ತು. ಹಳ್ಳದ ನೀರು ಮೇಲಿನಿಂದ ಗುಡುಗುತ್ತ ಬರುತ್ತದೆ. ಇದು ಕೆಳಗಿನಿಂದ, ಎಲ್ಲ ಕಡೆಯಿಂದ, ಬೆಕ್ಕಿನ ಹಾಗೆ ಬಂದಿತ್ತು. ನಾನು ಕಲ್ಲಿನ ಕಡೆ ನೋಡಿದೆ. ಕಲ್ಲು ಒಣಗಿಯೇ ಇತ್ತು! ಹತ್ತಿರ ಹೋಗಿ ಬಗ್ಗಿದಾಗ ತಿಳಿಯಿತು. ಅದು ಸಮುದ್ರವೇ ಅಲ್ಲ. ಬಂಡೆಯ ಹೊಂಡದಲ್ಲಿ ನಿಂತುಬಿಟ್ಟ ನೀರು. ಸಮುದ್ರ ಏರಿ ಅದನ್ನು ಮುಟ್ಟುವ ತನಕ ಅದು ಏರುವುದಿಲ್ಲ, ಇಳಿಯುವುದಿಲ್ಲ. ನಾವು ಬಾವಿಯ ಅಂಚಿಗೆ ಕಲ್ಲಿಟ್ಟು ಹೊಳೆ ಕಾಯ್ದಿದ್ದೆವು.

ಪಡುವಣಕ್ಕೆ ನೋಡಿದರೆ ಇವರಿಗೂ ನಮಗೂ ನಡುವೆ ಇನ್ನೊಂದು ತಗ್ಗು ಹೊಳೆಯುತ್ತಿತ್ತು. ಇವರು ನಮಗೆ ಬೆನ್ನು ಹಾಕಿ ಚೆಲ್ಲುತ್ತ ಚೆಲ್ಲುತ್ತ ತುದಿಗೆ ನಡೆಯುತ್ತಿದ್ದರು.

"ಯಪ್ಪಾ! ಯಪ್ಪಾ ಬಾರೋ!" ಅತ್ತೆ ಕೂಗಿದರು. ನಾನು "ರೀ! ಇಲ್ಲಿ ಕೇಳ್ರಿ!" ಎಂದು ಕೂಗಿದೆ. ಗಾಳಿ ಮಾತನ್ನು ಚೂರು ಮಾಡಿ ಬರೀ ಸದ್ದನ್ನಷ್ಟೇ ಒಯ್ದಿರಬೇಕು. ಅವರು ಅದನ್ನು ಮರುಕೂಗು ಎಂದುಕೊಂಡರು. ಹಿಂದೆ ನೋಡದೆ ಕೈ ಎತ್ತಿ, ಇನ್ನೂ ಜೋರಾಗಿ "ಹುಲ್ಲುಲ್ಲಿಗೋ" ಎಂದು ಉತ್ತರ ಕೊಟ್ಟು, ಇನ್ನೂ ಮುಂದೆ ಹೋದರು. ನಾವು ಕೂಗಿದಷ್ಟೂ ಅವರು ಖುಷಿಯಿಂದ ದೂರ ನಡೆದರು. ಇದಕ್ಕಿಂತ ಭಯದ್ದನ್ನು ನಾನು ಜನ್ಮದಲ್ಲಿ ನೋಡಿಲ್ಲ.

ಮುದುಕರು ಮೇಲಿನಿಂದ ನೋಡಿ ಓಡಿ ಇಳಿದು ಬಂದರು. ಅವರಿಗೆ ಏದುಸಿರು. "ಏ ಭಾಯ್! ಏ ಪೇಂಟರ್!" ಎಂದು ಕೂಗಿದರು. ಅದಕ್ಕೂ "ಹುಲ್ಲುಲ್ಲಿಗೋ."

"ನಾವ್ ಕಾಯ್ ತ್ಯಾಚಂ?" ಅಂದರು, ಅವನ ಹೆಸರೇನು ಎಂದು. ಅವರಿಗೆ ಇವರು ಬರೀ ಪೇಂಟರ್. "ಹೆಸರು ಹಿಡಿದು ಕರೀರಿ, ಹೆಸರು!" ಎಂದು ಮರಾಠಿಯಲ್ಲಿ ನಮ್ಮಿಬ್ಬರಿಗೂ ಗದರಿದರು. ಅವರ ಲೆಕ್ಕದಲ್ಲಿ ಅದು ಎಲ್ಲಕ್ಕಿಂತ ಸುಲಭದ ಮಾತು.

ಅತ್ತೆ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಹೆತ್ತವಳು, ಕಟ್ಟಿಕೊಂಡವಳು, ಇಬ್ಬರೂ ಒಂದೇ ಬಂಡೆಯ ಮೇಲೆ, ಇಬ್ಬರ ಬಾಯಲ್ಲೂ ಒಂದೇ ಹೆಸರು, ಇಬ್ಬರಿಗೂ ಅದು ಹೊರಗೆ ಬರುವಂತಿಲ್ಲ. ಮುದುಕರು "ಮುಕೀ ಆಹಾತ್ ಕಾ ದೋಘೀ?" ಅಂದರು. ಇಬ್ಬರೂ ಮೂಗಿಯರಾ ಎಂದು. ಅತ್ತೆಯ ಬಾಯಿ ತೆರೆದಿತ್ತು. ಕರೆದರೆ ಆಯುಷ್ಯ ಹೋಗುತ್ತದೆ. ಕರೆಯದಿದ್ದರೆ ಈಗಲೇ ಹೋಗುತ್ತದೆ.

ನಾನು ಕೂಸನ್ನು ಅತ್ತೆಯ ಕೈಗೆ ಕೊಟ್ಟೆ. ಸೆರಗು ಬಿಗಿದೆ. ಹೆಸರು ಹಿಡಿದು ಕೂಗಿದೆ.

ಬೇರೆ ಯಾರದೋ ಗಂಟಲು ಅನಿಸಿತು. ಕಲ್ಲಿನ ಕಂಬಕ್ಕೆ ಬಡಿದು ಆ ಹೆಸರು ನನಗೇ ವಾಪಸ್ಸು ಬಂತು. ಅವರು ನಿಂತರು. ಬುಟ್ಟಿ ಕೈಯಿಂದ ಬಿತ್ತು. ಆ ದನಿಯಲ್ಲಿ ಆ ಹೆಸರು ಎಂದೂ ಕೇಳದವರು. ಕೇಳಿದ ಮೇಲೆ ಬೇರೆ ಏನೂ ವಿವರಿಸಬೇಕಾಗಿರಲಿಲ್ಲ. ತಿರುಗಿದರು, ನೀರು ನೋಡಿದರು, ಓಡಿದರು. ನಾನು ಎರಡನೆಯ ಸಲ ಕರೆಯಲಿಲ್ಲ. ತಗ್ಗಿನಲ್ಲಿ ನೀರು ಮೊದಲು ಸೊಂಟಕ್ಕೆ, ಆಮೇಲೆ ಎದೆಗೆ ಬಂತು, ಆಮೇಲೆ ಬರೀ ತಲೆ ಕಂಡಿತು. ಈಜು ಬಾರದ ಮನುಷ್ಯ. ಮುದುಕರು ಹಗ್ಗ ಎಸೆದರು. ಇವರದೇ ಜೂಲಾದ ಹಳೆಯ ಹಗ್ಗ, ಕೆಲಸದ ಸಾಮಾನಿನ ಜೊತೆ ಅಲ್ಲೇ ಬಿದ್ದಿತ್ತು. ಎಷ್ಟೋ ಕಟ್ಟಡಗಳ ಮೇಲೆ ಹಗ್ಗ ಹಿಡಿದ ಕೈ, ಬಿಡಲಿಲ್ಲ.

ಆ ರಾತ್ರಿ ಮುದುಕರು ನಮ್ಮನ್ನು ಕಂಬದೊಳಗೆ, ಎಣ್ಣೆ ಡಬ್ಬಿಗಳ ಪಕ್ಕ ಕೂರಿಸಿಕೊಂಡರು. ಸುತ್ತಲೂ ಸಮುದ್ರ ಗೋಡೆಗೆ ಒರಗಿ ಉಸಿರಾಡುವುದು ಕೇಳುತ್ತಿತ್ತು. ಇವರು ಮುದುಕರ ಕಂಬಳಿ ಹೊದ್ದು ನಡುಗುತ್ತಿದ್ದರು. ಅತ್ತೆ ಒಮ್ಮೆ, ನನ್ನ ಕಡೆ ನೋಡದೆ, "ಕರದಿ" ಅಂದರು. ಬೈದರೋ, ಬೇರೇನೋ, ನನಗೆ ತಿಳಿಯಲಿಲ್ಲ.

ಬೆಳಗಿನ ಇಳಿತಕ್ಕೆ ಹೊರಗೆ ಬಂದೆವು. ಪಾಂಡವರ ಐದು ಕಲ್ಲೂ ಎಲ್ಲೋ ಹೋಗಿದ್ದವು. ಹೊಂಡದ ಅಂಚಿನ ಆ ಚಪ್ಪಟೆ ಕಲ್ಲು ಮಾತ್ರ ಇಟ್ಟಲ್ಲೇ ಇತ್ತು, ಕುಂಕುಮ ತೊಳೆದಿತ್ತು. ಹೊಂಡದ ನೀರು ಅಷ್ಟೇ ಇತ್ತು, ಕೂದಲೆಳೆಯಷ್ಟೂ ಹೆಚ್ಚು ಕಡಿಮೆಯಿಲ್ಲ. ಏನೂ ಆಗಿಲ್ಲ ಎಂದು ಅದು ನಮಗೆ ಮತ್ತೊಮ್ಮೆ ಹೇಳುತ್ತಿತ್ತು.

ಇವರು ಬದುಕಿದರು. ಆದರೆ ಮನೆಯೊಳಗೆ ಭಯವೂ ಬಂದು ಕುಳಿತಿತು. ಇವರಿಗೆ ಜ್ವರ ಬಂದರೆ ನಾನು ಒಲೆಯ ಮುಂದೆ ಕುಳಿತು ಆ ಕೂಗನ್ನು ಕೇಳುತ್ತಿದ್ದೆ. ಲೋಕಲ್ ತಡವಾದರೆ ಕೇಳುತ್ತಿದ್ದೆ. ಹಗ್ಗ ಕಟ್ಟಿಕೊಂಡು ಕೆಲಸಕ್ಕೆ ಹೋದ ದಿನವೆಲ್ಲ ಕೇಳುತ್ತಿದ್ದೆ. ಸಾಂತಾಕ್ರೂಜ್‌ನಲ್ಲಿ ಒಬ್ಬ ಪೇಂಟರ್ ಬಿದ್ದನೆಂದು ಸುದ್ದಿ ಬಂದಾಗ, ಹೆಸರು ಕೇಳುವ ಮೊದಲೇ ನಾನು ಒಲೆ ಬಿಟ್ಟು ಬೀದಿಗೆ ಓಡಿದ್ದೆ. ಅವನು ಬೇರೆಯವನು. ಅವನ ಹೆಂಡತಿಯೂ ಎಲ್ಲಾದರೂ ಕರೆದಿದ್ದಳೇನೋ ಎಂಬ ಕೆಟ್ಟ ಯೋಚನೆ ನನಗೆ ಬಂತು.

ಇವರಿಗೆ ಮಾತ್ರ ಅದು ಚೇಷ್ಟೆ. ನೆಂಟರ ಎದುರು, "ಏ, ದೀಪದಾಗ ಕರದಂಗ ಒಮ್ಮಿ ಕರೀ ನೋಡೂಣು" ಅನ್ನುತ್ತಿದ್ದರು. ನಾನು ಒಳಗೆ ಓಡುತ್ತಿದ್ದೆ.

ಅತ್ತೆ ಕೊನೆಗಾಲದಲ್ಲಿ ಊರಲ್ಲಿ ಹಾಸಿಗೆ ಹಿಡಿದಾಗ ನಾನು ಕಾಲು ಒತ್ತುತ್ತಿದ್ದೆ. ಒಂದು ಮಧ್ಯಾಹ್ನ ತಾವಾಗಿಯೇ ಅಂದರು, "ನನ್ನ ಬಾಯಾಗೂ ಬಂದಿತ್ತು ತಂಗೀ. ಮಾವನವರದು ಅನ್ನೂದನ್ನೂ ಬಿಟ್ಟು ಬಾಯಿ ತಗದಿದ್ದೆ. ನೀ ಮೊದಲ ಅಂದಿ." ಕಾಲು ಒತ್ತುತ್ತಿದ್ದ ನನ್ನ ಕೈ ಹಿಡಿದು, "ಪಾಪ ಹಂಚಿಕೊಳ್ಳೂಣು. ಅರ್ಧ ನನಗ ಕೊಡು" ಅಂದರು. ಪಾಪವೆಂದು ನನಗೆ ಅನಿಸಿರಲಿಲ್ಲ, ಭಯ ಮಾತ್ರ ಇತ್ತು. ಆದರೂ ಹೂಂ ಅಂದೆ. ಅರ್ಧ ಹಗುರಾಯಿತು.

ನಿಮ್ಮ ಮುತ್ಯಾ ಅದಾದ ಮೇಲೆ ಬಹಳ ವರ್ಷ ಬದುಕಿದರು. ಮಗನ ಮದುವೆ ನೋಡಿದರು, ಗೌರಿ, ನಿನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡರು. ಆಮೇಲೆ ಬಣ್ಣದ ಧೂಳು ಎದೆ ತಿಂದಿತು. ಆಸ್ಪತ್ರೆಯಲ್ಲಿ, ಉಸಿರಿಗೂ ಉಸಿರಿಗೂ ನಡುವೆ, "ಒಮ್ಮಿ ಕರದಿದ್ದಕ್ಕ ಇಷ್ಟು ವರ್ಷ ಬಂದ್ವು. ಇನ್ನೊಮ್ಮಿ ಕರೀ, ಮತ್ತಷ್ಟು ಬರ್ತಾವೇನೋ" ಅಂದರು. ಆಗಲೂ ನಕ್ಕರು. ನಾನು ಅವರ ಕಿವಿಯ ತನಕ ಬಗ್ಗಿದೆ. ತುಟಿ ತೆರೆದೆ. ಕಿಟಕಿಯ ಹೊರಗೆ ಕತ್ತಲಾಗುತ್ತಿತ್ತು, ದೂರದಲ್ಲಿ ಏನೋ ಒಂದು ದೀಪ. ಕರೆಯಲಾಗಲಿಲ್ಲ. ಒಂದು ಸಲ ಕೇಳಿದ್ದಕ್ಕೆ ನೀರು ಬಿಟ್ಟುಕೊಟ್ಟಿತ್ತು. ಎರಡನೆಯ ಸಲ ಕೇಳಲು ನನಗೆ ಎದೆಯಾಗಲಿಲ್ಲ. ಕೈ ಹಿಡಿದುಕೊಂಡು ಕುಳಿತೆ, ಅವರೂ ಬಿಡಲಿಲ್ಲ, ಹಗ್ಗ ಹಿಡಿದ ಹಾಗೆ.

ಈಗ ಹೆದರುವುದಕ್ಕೆ ಏನೂ ಉಳಿದಿಲ್ಲ. ಆದರೂ ಬರೆಯಲು ಕೈ ಬರುತ್ತಿಲ್ಲ. ಹೆಸರು ನಿಮಗೆ ಗೊತ್ತೇ ಇದೆ, ನಿಮ್ಮ ಅಪ್ಪನ ಹೆಸರಿನ ಮುಂದೆ ಬರುವುದು ಅದೇ. ನೀವು ಹೇಳಬಹುದು, ಮೊಮ್ಮಕ್ಕಳಿಗೆ ದೋಷವಿಲ್ಲ. ಇದನ್ನು ಓದಿ ಮುಗಿಸಿದ ದಿನ ಒಮ್ಮೆ ಜೋರಾಗಿ ಹೇಳಿ, ನಾನು ಪಕ್ಕದ ಕೋಣೆಯಲ್ಲಿ ಕೇಳಿಸಿಕೊಳ್ಳುತ್ತೇನೆ.

ಈ ಹಾಳೆಗಳನ್ನು ಕೆಳಗಿನ ಕಪಾಟಿನಲ್ಲಿ ಇಡಬೇಡಿ. ಮಳೆಗಾಲಕ್ಕೆ ಆ ಮೂಲೆಯಲ್ಲಿ ನೀರು ಒಸರುತ್ತದೆ, ಸದ್ದು ಮಾಡುವುದಿಲ್ಲ. ಮೇಲೆ, ದೇವರ ಗೂಡಿನ ಹಿಂದೆ, ಒಣಗಿದ ಕಡೆ ಇಡಿ. ನಡುನಡುವೆ ಕೈ ಇಟ್ಟು ಮುಟ್ಟಿ ನೋಡುತ್ತಿರಿ. ಕಣ್ಣಿಗೆ ಒಣಗಿದೆ ಎಂದು ಕಂಡರೆ ಸಾಲದು.